ಮಡಿಕೇರಿಯ ಚಳಿಯಲ್ಲಿ ಕಡಲ ಮೀನು: ಪರಾವಲಂಬಿ ಬಿಡಿಸುವ ನನ್ನ ಕ್ರಮ

ಕಡಲ ಮೀನಿನ ಬಿಳಿಚುಕ್ಕೆ ರೋಗ ಬಿಡಿಸಲು ಎಲ್ಲರೂ ಹೇಳುವ ದಿನಗಳ ಲೆಕ್ಕ 25ರಿಂದ 27 ಡಿಗ್ರಿ ನೀರಿನದು. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹೀಟರ್ ಇಲ್ಲದ ಟಬ್ಬಿನ ನೀರು 18ಕ್ಕೆ ಇಳಿದಿರುತ್ತದೆ. ಜಡಿಮಳೆ ಹಿಡಿದ ಜುಲೈಯಲ್ಲೂ 21 ದಾಟುವುದು ಅಪರೂಪ. ನೀರು ತಣ್ಣಗಾದಷ್ಟೂ ಈ ರೋಗ ತರುವ ಪರಾವಲಂಬಿ ಜೀವಿಯ ಬದುಕು ನಿಧಾನವಾಗುತ್ತದೆ: ಮೀನಿನ ಮೈಮೇಲೆ ಹೆಚ್ಚು ದಿನ ಕೂರುತ್ತದೆ, ತಳದಲ್ಲಿ ಕೋಶ ಕಟ್ಟಿಕೊಂಡು ಇನ್ನೂ ಹೆಚ್ಚು ದಿನ ಮಲಗುತ್ತದೆ. ಕ್ಯಾಲೆಂಡರ್ ಮಾತ್ರ ನೋಡಿ ‘ಹನ್ನೆರಡು ದಿನ ಆಯಿತು, ಮೀನು ಶುದ್ಧವಾಯಿತು’ ಅಂದುಕೊಂಡರೆ ಕೆಟ್ಟೆವು. ಕೊಡಗಿನಲ್ಲಿ ಉಪ್ಪುನೀರಿನ ಮೀನು ಸಾಕುವವರಿಗೆ ಮದ್ದಿಗಿಂತ ಮೊದಲು ಬೇಕಾದದ್ದು ಕರೆಂಟ್ ಹೋದಾಗಲೂ 26 ಡಿಗ್ರಿ ಬಿಟ್ಟುಕೊಡದ ನೀರು. ನನ್ನ ಕ್ರಮವೆಲ್ಲ ಅದರ ಸುತ್ತಲೇ ಹೊಂದಿಕೊಂಡಿದೆ.

ಈ ಜೀವಿಯ ಹೆಸರು ಕ್ರಿಪ್ಟೋಕಾರಿಯಾನ್ ಇರಿಟಾನ್ಸ್. ಸಿಹಿನೀರಿನ ಮೀನಿಗೆ ಬರುವ ಬಿಳಿಚುಕ್ಕೆ ಬೇರೆಯೇ ಜೀವಿಯದು, ಅದರ ಮದ್ದನ್ನು ಇಲ್ಲಿಗೆ ತರಬೇಡಿ. ನಮ್ಮ ಕಣ್ಣಿಗೆ ಬೀಳುವ ಚುಕ್ಕೆ ಚರ್ಮದೊಳಗೆ ಹೊಕ್ಕು ತಿನ್ನುತ್ತಿರುವ ಹಂತ. 3ರಿಂದ 7 ದಿನ ತಿಂದು ಕಳಚಿ ಕೆಳಗೆ ಬೀಳುತ್ತದೆ, ಗಾಜಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಕೋಶ ಕಟ್ಟುತ್ತದೆ. ಕೋಶದೊಳಗೆ ಒಡೆದೊಡೆದು ನೂರಾರು ಮರಿಗಳಾಗುತ್ತವೆ. ಅವು ಹೊರಬರಲು ಬೇಗ ಎಂದರೆ 3 ದಿನ, ಸಾಮಾನ್ಯವಾಗಿ ನಾಲ್ಕು ವಾರದೊಳಗೆ. 72 ದಿನ ಹಿಡಿದ ದಾಖಲೆಯೂ ಇದೆ. ಹೆಚ್ಚಾಗಿ ಕತ್ತಲಲ್ಲಿ ಹೊರಬೀಳುವ ಈ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಚರ್ಮದೊಳಗಿದ್ದಾಗ ಮದ್ದು ತಾಗುವುದಿಲ್ಲ, ಕೋಶದೊಳಗಿದ್ದಾಗಲೂ ತಾಗುವುದಿಲ್ಲ, ಈಜುವ ಮರಿಗೆ ಮಾತ್ರ ತಾಗುತ್ತದೆ. ಚುಕ್ಕೆ ಮಾಯವಾಯಿತು ಎಂದರೆ ರೋಗ ಹೋಯಿತೆಂದಲ್ಲ, ಅದು ತಳಕ್ಕೆ ಇಳಿಯಿತು ಎಂದು.

ಹೊಸ ಮೀನನ್ನು ದೊಡ್ಡ ಟ್ಯಾಂಕಿಗೆ ಬಿಡುವ ಮೊದಲು ಬೇರೆ ಇಡಲು ನಾನು ಇಟ್ಟುಕೊಂಡಿರುವುದು 40 ಲೀಟರಿನ ಎರಡು ಪ್ಲಾಸ್ಟಿಕ್ ಟಬ್, 50 ಲೀಟರಿನ ಒಂದು ಗಾಜಿನ ಟ್ಯಾಂಕ್. ಮೂರರಲ್ಲೂ ಮರಳಿಲ್ಲ, ಕಲ್ಲಿಲ್ಲ. ಮೀನು ಅಡಗಲು ಎರಡಿಂಚಿನ ಪಿವಿಸಿ ಎಲ್ಬೋ ಎರಡು ಮೂರು. ಪ್ರತಿಯೊಂದಕ್ಕೂ ಅದರದೇ ಹೀಟರ್, ಏರ್‌ಸ್ಟೋನ್, ಥರ್ಮಾಮೀಟರ್, ಬಲೆ. ದೊಡ್ಡ ಟ್ಯಾಂಕಿನಿಂದ ಕನಿಷ್ಠ ಮೂರು ಮೀಟರ್ ದೂರದಲ್ಲಿಡಬೇಕು, ಏಕೆಂದರೆ ಗುಳ್ಳೆ ಒಡೆದಾಗ ಹಾರುವ ತುಂತುರಿನಲ್ಲೂ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ ದಾಟಬಲ್ಲದು.

ಹೀಟರ್ 50 ಲೀಟರಿಗೆ 100 ವಾಟ್ ಸಾಕು, ಆದರೆ ನಾನು ಎರಡು ಹಾಕುತ್ತೇನೆ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಕೋಣೆ 14 ಡಿಗ್ರಿ, ನೀರು 26 ಇದ್ದಾಗ ಕರೆಂಟ್ ಹೋದರೆ ಬರಿಗಾಜಿನ ಟ್ಯಾಂಕ್ ಗಂಟೆಗೆ ಸುಮಾರು ಒಂದು ಡಿಗ್ರಿ ಕಳೆದುಕೊಳ್ಳುತ್ತದೆ. ತಳಕ್ಕೂ ಮೂರು ಬದಿಗೂ ಒಂದಿಂಚಿನ ಥರ್ಮೋಕೋಲ್ ಕಟ್ಟಿ ಮೇಲೆ ಮುಚ್ಚಳ ಇಟ್ಟರೆ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇನ್ವರ್ಟರಿಗೆ ಹೀಟರ್ ಕೊಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ, ಅದಕ್ಕೆ ಏರ್ ಪಂಪ್ ಮಾತ್ರ ಕೊಡಿ. ಶಾಖಕ್ಕೆ ಬಚ್ಚಲ ಹಂಡೆ ಇದೆಯಲ್ಲ: 60 ಡಿಗ್ರಿಯ ನೀರು ತುಂಬಿದ ಎರಡು ಲೀಟರಿನ ಬಾಟಲಿಯನ್ನು ಬಿರಡೆ ಬಿಗಿದು ತೇಲಿಬಿಟ್ಟರೆ 50 ಲೀಟರ್ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಏರುತ್ತದೆ. ಬಾಟಲಿಯೊಳಗೆ ಸರಿ, ಆದರೆ ತಾಮ್ರದ ಹಂಡೆಯ ನೀರನ್ನು ಉಪ್ಪು ಕದಡಲು ಎಂದೂ ಬಳಸಬೇಡಿ. ನಮ್ಮ ಬಾವಿನೀರು ಮೆದು, ಸ್ವಲ್ಪ ಹುಳಿ ಗುಣದ್ದು. ತಾಮ್ರವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಜಿಂಕ್ ಶೀಟಿನ ಮಾಡಿನಿಂದ ಹಿಡಿದ ಮಳೆನೀರೂ ಬೇಡ, ಅದರಲ್ಲಿ ಸತು ಇರುತ್ತದೆ. ಆರ್‌ಒ ನೀರೇ ಆಗಬೇಕು.

ಎತ್ತರದ ಮಾತೂ ಒಂದಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕ ಕರಾವಳಿಗಿಂತ ಸುಮಾರು ಎಂಟನೇ ಒಂದು ಭಾಗ ಕಡಿಮೆ. ಪರಾವಲಂಬಿ ಮೊದಲು ಹಿಡಿಯುವುದೇ ಕಿವಿರನ್ನು. ಮಂಗಳೂರಿನಲ್ಲಿ ಒಂದು ಏರ್‌ಸ್ಟೋನ್ ಸಾಕಾಗುವಲ್ಲಿ ಇಲ್ಲಿ ಎರಡಿರಲಿ.

ಮೀನು ನಮ್ಮಲ್ಲಿಗೆ ಬರುವುದು ರಾತ್ರಿ ಬಸ್ಸಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಹತ್ತು ಹನ್ನೆರಡು ಗಂಟೆ ಚೀಲದೊಳಗೆ ಇದ್ದು. ಮೀನು ಬಿಟ್ಟ ಉಸಿರಿನಿಂದ ಚೀಲದ ನೀರಿನ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಕೂಡಿದ್ದರೂ ಹೆಚ್ಚು ನಂಜಾಗದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಗಂಟೆಗಟ್ಟಲೆ ಹನಿಹನಿ ನೀರು ಬಿಟ್ಟು ಹೊಂದಿಸುವ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ. ಕಳಿಸುವವರನ್ನು ಮೊದಲೇ ಕೇಳಿ, ಅವರ ನೀರಿನ ಉಪ್ಪು ಎಷ್ಟೋ ಅಷ್ಟಕ್ಕೇ ಟಬ್ ಸಿದ್ಧಮಾಡಿರುತ್ತೇನೆ. ಚೀಲವನ್ನು ಮುಚ್ಚಿದಂತೆಯೇ 20 ನಿಮಿಷ ತೇಲಿಸಿ, ಬಿಚ್ಚಿ, ಉಪ್ಪನ್ನು ಒಮ್ಮೆ ಅಳೆದು, ಮೀನನ್ನು ನೇರ ಟಬ್ಬಿಗೆ ಬಿಡುತ್ತೇನೆ. ಚೀಲದ ನೀರು ಒಂದು ಹನಿಯೂ ಟಬ್ಬಿಗೆ ಹೋಗಬಾರದು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿ ಆರ್‌ಒ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿಯ (ಸಾವಿರ ಭಾಗಕ್ಕೆ 35 ಭಾಗ ಉಪ್ಪಿನ) ದ್ರಾವಣದಲ್ಲಿ ಸರಿಪಡಿಸಿಕೊಳ್ಳಿ.

ಇನ್ನು ಬಿಳಿಚುಕ್ಕೆಗೆ ನಾನು ನಂಬಿರುವ ದಾರಿ: ಮೂರು ದಿನಕ್ಕೊಮ್ಮೆ ಟಬ್ ಬದಲಿಸುವುದು. ಮದ್ದೇ ಬೇಡ. ಮೊದಲ ದಿನ ಮೊದಲ ಟಬ್, 4ನೇ ದಿನ ಎರಡನೆಯದು, 7ನೇ ದಿನ ತೊಳೆದ ಮೊದಲನೆಯದು, 10ನೇ ದಿನ ತೊಳೆದ ಎರಡನೆಯದು, 13ನೇ ದಿನ ಗಾಜಿನ ಟ್ಯಾಂಕ್. ಮೈಯಿಂದ ಉದುರಿದ ಜೀವಿ ಮರಿ ಬಿಡಲು ಕನಿಷ್ಠ ಮೂರು ದಿನ ಬೇಕು. ಅಷ್ಟರಲ್ಲಿ ಮೀನು ಅಲ್ಲಿಂದ ಹೋಗಿರುತ್ತದೆ. 72 ಗಂಟೆ ಮೀರಬಾರದು. ನಾನು 68-70 ಗಂಟೆಗೇ ಬದಲಿಸುತ್ತೇನೆ. ಹೊಸ ಟಬ್ಬಿನ ಉಷ್ಣತೆಯೂ ಉಪ್ಪೂ ಹಳೆಯದರಷ್ಟೇ ಇರಬೇಕು. ಮೀನನ್ನು ತೂತಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎತ್ತಿ, ನೀರು ಬಸಿದು ಬಿಡುತ್ತೇನೆ. ನೀರು 26ರಲ್ಲೇ ನಿಲ್ಲಬೇಕೆಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ನೀರು 20ಕ್ಕೆ ಇಳಿದರೆ 13ನೇ ದಿನವೂ ಚರ್ಮದೊಳಗೆ ಒಂದು ಉಳಿದಿರಬಹುದು. ಒಂದು ರಾತ್ರಿ 23ಕ್ಕಿಂತ ಕೆಳಗೆ ಹೋಯಿತೆಂದರೆ ನಾನು ಇನ್ನೊಂದು ಸುತ್ತು ಸೇರಿಸುತ್ತೇನೆ.

ನೀರಿನ ಲೆಕ್ಕ: ನಾಲ್ಕು ಟಬ್ ನೀರು 160 ಲೀಟರ್, ಕೊನೆಯ ಟ್ಯಾಂಕಿಗೆ 50. ಲೀಟರಿಗೆ ಸುಮಾರು 38 ಗ್ರಾಂ ಉಪ್ಪಿನಂತೆ ಎಂಟು ಕಿಲೋ. ಮಳೆಗಾಲದಲ್ಲಿ ಉಪ್ಪಿನ ಚೀಲ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ತೂಕ ನೋಡಿ ಹಾಕಿದರೆ ಉಪ್ಪು ಕಡಿಮೆ ಬೀಳುತ್ತದೆ. ಗಾಳಿಯಾಡದ ಡ್ರಮ್ಮಿನಲ್ಲಿಡಿ, ಕೊನೆಯ ಮಾತು ಯಾವಾಗಲೂ ರಿಫ್ರಾಕ್ಟೋಮೀಟರಿನದು. ಟಬ್ಬಿನಲ್ಲಿ ಫಿಲ್ಟರ್ ಇಲ್ಲದ್ದರಿಂದ ಮಿತವಾಗಿ ಉಣಿಸಿ, ಉಳಿದದ್ದನ್ನು ಪೈಪಿನಿಂದ ಎಳೆದುಬಿಡಿ, ದಿನಾ ಅಮೋನಿಯಾ ನೋಡಿ.

ಖಾಲಿಯಾದ ಟಬ್ಬನ್ನು ತೊಳೆದು ಪೂರ್ತಿ ಒಣಗಿಸಿದರೆ ಕೋಶ ಸಾಯುತ್ತದೆ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಅದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೂರು ದಿನಕ್ಕೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಏರ್‌ಸ್ಟೋನಿನ ಸಣ್ಣ ರಂಧ್ರ ಒಣಗುವುದೆಲ್ಲಿ? ಆದ್ದರಿಂದ ಮಳೆಗಾಲದಲ್ಲಿ ಟಬ್ಬಿಗೆ ನೀರು ತುಂಬಿ, ಲೀಟರಿಗೆ 10 ಮಿಲಿಯಂತೆ ಮನೆಬಳಕೆಯ ಬ್ಲೀಚ್ ಹಾಕಿ, ಹೀಟರ್, ಎಲ್ಬೋ, ಬಲೆ ಎಲ್ಲ ಅದರಲ್ಲೇ ಒಂದು ಗಂಟೆ ಮುಳುಗಿಸುತ್ತೇನೆ. ಹೀಟರಿನ ಪ್ಲಗ್ ಕಿತ್ತಿರಲಿ. ಮತ್ತೆ ಎರಡು ಸಲ ತೊಳೆದು, ಸೋಡಿಯಂ ಥಯೋಸಲ್ಫೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಕ್ಲೋರಿನ್ ವಾಸನೆ ಹೋದ ಮೇಲೆ ಒಲೆಯ ಹತ್ತಿರ ಇಡುತ್ತೇನೆ. ಏರ್‌ಸ್ಟೋನನ್ನು ಪ್ರತಿಸಲ ಹೊಸದೇ ಹಾಕುತ್ತೇನೆ. ಅದು ಹತ್ತಿಪ್ಪತ್ತು ರೂಪಾಯಿಯ ವಸ್ತು.

ಕಿವಿರಿಗೆ, ಚರ್ಮಕ್ಕೆ ಅಂಟುವ ಚಪ್ಪಟೆ ಹುಳಗಳಿಗೆ ಇದೇ ಹನ್ನೆರಡು ದಿನದಲ್ಲಿ ಪ್ರಾಜಿಕ್ವಾಂಟೆಲ್ ಕೊಟ್ಟು ಮುಗಿಸಬಹುದು. ಲೀಟರಿಗೆ 2.5 ಮಿಲಿಗ್ರಾಂ, ಅಂದರೆ 40 ಲೀಟರಿಗೆ 100 ಮಿಲಿಗ್ರಾಂ, 4ನೇ ದಿನ ಮತ್ತು 10ನೇ ದಿನ. ಮೊಟ್ಟೆಗೆ ಈ ಮದ್ದು ನಾಟದು, ಅದಕ್ಕೇ ಎರಡನೇ ಸಲ. ಪುಡಿ ನೀರಿನಲ್ಲಿ ಕರಗದೆ ತೇಲುತ್ತದೆ, ಮೊದಲು ತುಸು ಎಥನಾಲಿನಲ್ಲಿ ಕಲಸಿ ಹಾಕಬೇಕು. ಹಾಕಿದ ದಿನ ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಸುಕಾಗುವುದುಂಟು, ಗಾಳಿ ಜೋರಾಗಿರಲಿ.

ಹುಳ ಇದೆಯೋ ಇಲ್ಲವೋ ಎಂದು ತಿಳಿಯಲು ಸಿಹಿನೀರ ಸ್ನಾನಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಪ್ಪು ಬಕೆಟ್ಟಿನಲ್ಲಿ ಐದು ಲೀಟರ್ ಆರ್‌ಒ ನೀರು, ಅರ್ಧ ಚಮಚ ಅಡುಗೆ ಸೋಡಾ, ಅರ್ಧ ಗಂಟೆ ಗಾಳಿ; ಪಿಎಚ್ 8.2ರ ಆಸುಪಾಸು, ಉಷ್ಣತೆ ಟಬ್ಬಿನದೇ. ಮೀನನ್ನು ಐದು ನಿಮಿಷ ಬಿಡಿ. ಮೊದಲ ನಿಮಿಷ ಒದ್ದಾಡಬಹುದು, ಕೆಲವು ಮೀನು ಮಗ್ಗುಲಾಗಿ ಮಲಗುತ್ತವೆ. ಉಸಿರಾಡುತ್ತಿದ್ದರೆ ಗಾಬರಿ ಬೇಡ, ಉಸಿರು ನಿಂತಂತೆ ಕಂಡರೆ ತಕ್ಷಣ ತೆಗೆಯಿರಿ. ಆಮೇಲೆ ಬಕೆಟ್ಟಿನ ತಳಕ್ಕೆ ಟಾರ್ಚ್ ಹಿಡಿದು ನೋಡಿ. ಮೈಮೇಲೆ ಗಾಜಿನಂತೆ ಪಾರದರ್ಶಕವಾಗಿ, ಕಣ್ಣಿಗೆ ಬೀಳದೆ ಇದ್ದ ಹುಳ ಸಿಹಿನೀರಿಗೆ ಬೆಳ್ಳಗಾಗಿ, ತೊಳೆದ ಬಿಳಿ ಎಳ್ಳು ಚೆಲ್ಲಿದಂತೆ ಬಿದ್ದಿರುತ್ತದೆ.

ವೆಲ್ವೆಟ್ ಬಂದರೆ ಟಬ್ ಬದಲಿಸುತ್ತ ಕೂರಲು ಸಮಯವಿಲ್ಲ. ಅದನ್ನು ತರುವ ಜೀವಿ ಅಮೈಲೂಡಿನಿಯಂ ಎರಡು ಮೂರು ದಿನದಲ್ಲಿ ಮೀನನ್ನು ಮುಗಿಸಬಲ್ಲದು. ಬಿಳಿಚುಕ್ಕೆ ರವೆಯ ಕಾಳಿನಂತೆ, ಎಣಿಸಬಹುದು. ವೆಲ್ವೆಟ್ ಜರಡಿ ಹಿಡಿದ ಹಿಟ್ಟಿನಂತೆ, ಎಣಿಸಲಾಗದು. ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಹಿಡಿದರೆ ಹೊಂಬಣ್ಣದ ಧೂಳು ಮಿನುಗುತ್ತದೆ. ಆದರೆ ಧೂಳು ಕಾಣುವ ಮೊದಲೇ ಉಸಿರು ಹೇಳುತ್ತದೆ. ಮೀನು ಬಂದ ಮರುದಿನ ಶಾಂತವಾಗಿರುವಾಗ ಕಿವಿರು ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆಂದು ಎಣಿಸಿ ಟಬ್ಬಿನ ಮೇಲೆ ಬರೆದಿಡಿ. ಅದು ಒಂದೂವರೆ ಪಟ್ಟಾದರೆ, ಮೀನು ಬೆಳಕಿಗೆ ಹಿಂಜರಿದರೆ, ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತರೆ, ನಾನು ಖಚಿತವಾಗಲಿ ಎಂದು ಕಾಯುವುದಿಲ್ಲ: ಐದು ನಿಮಿಷದ ಸಿಹಿನೀರ ಸ್ನಾನ, ನಂತರ ತಾಮ್ರ.

ತಾಮ್ರ ಎಂದರೆ ಕಾಫಿ ತೋಟದ ಮೈಲುತುತ್ತದ್ದೇ ತಾಮ್ರ. ಆದರೆ ಬೋರ್ಡೋ ದ್ರಾವಣಕ್ಕೆಂದು ತಂದ ಚೀಲದಿಂದ ತೆಗೆಯಬೇಡಿ, ಅದರ ಶುದ್ಧತೆ ಈ ಕೆಲಸಕ್ಕೆ ಸಾಲದು. ಪ್ರಯೋಗಶಾಲೆಯ ದರ್ಜೆಯ ನೀಲಿ ಹರಳು ತನ್ನಿ. ಅದರಲ್ಲಿ ತೂಕದ ಕಾಲು ಭಾಗಕ್ಕೆ ತುಸು ಹೆಚ್ಚು ತಾಮ್ರ. 3.93 ಗ್ರಾಂ ಹರಳನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿಲಿಯಲ್ಲಿ ಒಂದು ಮಿಲಿಗ್ರಾಂ ತಾಮ್ರ. 50 ಲೀಟರಿಗೆ ಇದರ 9 ಮಿಲಿ ಹಾಕಿದರೆ 0.18 ಪಿಪಿಎಂ, ಅಂದರೆ ಲೀಟರಿಗೆ 0.18 ಮಿಲಿಗ್ರಾಂ. ಮೂರು ಮಿಲಿಯಂತೆ ಮೂರು ದಿನದಲ್ಲಿ ಏರಿಸುತ್ತೇನೆ. ಗುರಿ 0.15ರಿಂದ 0.20, ಕೆಳಗಿಳಿದರೆ ಪರಾವಲಂಬಿ ಉಳಿಯುತ್ತದೆ, ಮೇಲೇರಿದರೆ ಮೀನು ಊಟ ಬಿಡುತ್ತದೆ, ಕಿವಿರು ಕೆಡುತ್ತದೆ. ಕಡಲ ನೀರಿನ ಕ್ಷಾರಕ್ಕೆ ತಾಮ್ರ ಮೆಲ್ಲಗೆ ತಳಕ್ಕಿಳಿಯುತ್ತದೆ, ಹಾಗಾಗಿ ದಿನಕ್ಕೆರಡು ಸಲ ಅಳೆದು ಕೊರತೆಯಷ್ಟೇ ಸೇರಿಸಬೇಕು. ಈ ಮಟ್ಟ 30 ದಿನ ನಿಲ್ಲಬೇಕು, ನಡುವೆ ಒಮ್ಮೆ 0.15ರ ಕೆಳಗೆ ಹೋದರೂ ಎಣಿಕೆ ಮತ್ತೆ ಒಂದರಿಂದ. ಬಾಟಲಿಯಲ್ಲಿ ಸಿಗುವ ಕೀಲೇಟೆಡ್ (ಬೇರೆ ವಸ್ತುವಿಗೆ ಕಟ್ಟಿಹಾಕಿದ) ತಾಮ್ರದ ಮಟ್ಟ 2.0ರಿಂದ 2.5, ಹತ್ತು ಪಟ್ಟಿಗೂ ಹೆಚ್ಚು. ಎರಡನ್ನೂ ಅದಲುಬದಲು ಮಾಡಿದರೆ ಮೀನು ಸಾಯುತ್ತದೆ. ತಾಮ್ರ ಇರುವಾಗ ಅಮೋನಿಯಾ ಕಟ್ಟುವ ದ್ರಾವಣ ಹಾಕಬೇಡಿ, ನೀರು ಬದಲಿಸಿ, ಹೊಸ ನೀರಿಗೂ ಅಷ್ಟೇ ತಾಮ್ರ ಬೆರೆಸಿ. ಇದಕ್ಕಾಗಿಯೇ ಗಾಜಿನ ಟ್ಯಾಂಕಿಗೆ ನಾಲ್ಕು ವಾರ ಮೊದಲೇ ಪಳಗಿಸಿದ, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿದ ಸ್ಪಂಜ್ ಫಿಲ್ಟರ್ ಇರಬೇಕು.

ಹವಳ, ಸಿಗಡಿ, ಬಸವನಹುಳು ಇರುವ ದೊಡ್ಡ ಟ್ಯಾಂಕಿಗೆ ತಾಮ್ರ ಸೋಕಲೇ ಬಾರದು. ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಕಿಟಕಿ ಮುಚ್ಚಿರಿ; ಸ್ಪ್ರೇ ಕಲಸಿದ ಕೈಯನ್ನು ಎಷ್ಟು ತೊಳೆದರೂ ಅಂದು ಟ್ಯಾಂಕಿಗೆ ಹಾಕಬೇಡಿ.

ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರವಾಗಿ ಸುಲಿದರೆ ಅದು ಬ್ರೂಕ್ಲಿನೆಲ್ಲಾ ಎಂಬ ಮತ್ತೊಂದು ಪರಾವಲಂಬಿ. ತಾಮ್ರ ಅದಕ್ಕೆ ನಾಟದು. ಹತ್ತು ಲೀಟರ್ ಉಪ್ಪುನೀರಿಗೆ 37 ಶೇಕಡದ ಫಾರ್ಮಲಿನ್ 1.5 ಮಿಲಿ, 45 ನಿಮಿಷ, ಎರಡು ಏರ್‌ಸ್ಟೋನ್, ಕೈಗವಸು, ತೆರೆದ ಕಿಟಕಿ. ನಂತರ ಬೇರೆ ಶುದ್ಧ ಟಬ್. ನಮ್ಮ ಚಳಿಗೆ ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಟ್ಟುತ್ತದೆ. ಆ ಗಸಿ ಮೀನಿಗೆ ಕಡುವಿಷ, ಅಂಥ ಬಾಟಲಿ ಬಳಸಬೇಡಿ.

ರೋಗ ದೊಡ್ಡ ಟ್ಯಾಂಕಿಗೇ ಬಂದಿದ್ದರೆ ಒಂದು ಮೀನೂ ಉಳಿಯದಂತೆ ಹೊರತೆಗೆದು 76 ದಿನ ಖಾಲಿ ಬಿಡುತ್ತೇನೆ, ನೀರನ್ನು 27ರಲ್ಲೇ ಇಟ್ಟು. ಮೀನಿಲ್ಲವೆಂದು ಹೀಟರ್ ಆರಿಸಿದರೆ ತಣ್ಣೀರಿನಲ್ಲಿ ಕೋಶ ಬೆಳೆಯದೆ ಮಲಗಿಬಿಡುತ್ತದೆ, ಆಗ ಎಣಿಸಿದ 76 ದಿನಕ್ಕೂ ಬೆಲೆಯಿಲ್ಲ. ಸಿಗಡಿಗಳಿಗೂ ಬ್ಯಾಕ್ಟೀರಿಯಾಗಳಿಗೂ ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ ಹಾಕಿ.

ತೆಗೆದ ಉಪ್ಪುನೀರನ್ನು ಕಾಫಿ ಗಿಡ, ಮೆಣಸಿನ ಬಳ್ಳಿಯ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ತಾಮ್ರದ ನೀರು ತೋಡಿಗೆ ಹೋಗಲೇಬಾರದು. ನಮ್ಮ ಮೆದುನೀರಿನ ತೋಡುಗಳಲ್ಲಿ ತಾಮ್ರದ ನಂಜು ಹೆಚ್ಚು, ಅಲ್ಲಿ ಸಣ್ಣ ಮೀನು, ಏಡಿ ಎಲ್ಲ ಇವೆ. ಎರಡನ್ನೂ ಬಾವಿಯಿಂದ ದೂರವಿರುವ ಶೌಚದ ಗುಂಡಿಗೆ ಬಿಡುತ್ತೇನೆ.