ಹದಿಹರೆಯದ ಪ್ರೇಮಚಿತ್ರ: ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವ ಬಗೆ

ಕಾಲೇಜಿನ ಭಿತ್ತಿಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವವರು ಚಿತ್ರವನ್ನು ಎರಡು ಸಲ ನೋಡಬೇಕು. ಮೊದಲ ಸಲ ಬಳ್ಳಾರಿಯಲ್ಲೋ ರಾಯಚೂರಲ್ಲೋ ಥಿಯೇಟರಿನಲ್ಲಿ, ಜನರ ನಡುವೆ, ಪೆನ್ನು ಹಿಡಿಯದೆ. ಎಲ್ಲಿ ಶಿಳ್ಳೆ ಬಿತ್ತು, ಎಲ್ಲಿ ಜನ ಮೊಬೈಲ್ ತೆಗೆದರು, ಅಷ್ಟು ನೆನಪಿಟ್ಟರೆ ಸಾಕು. ಎರಡನೇ ಸಲ ಒಟಿಟಿಗೆ ಬಂದಮೇಲೆ ಮನೆಯಲ್ಲಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಗಟ್ಟಿ, ಬಲಕ್ಕೆ ಜೊಳ್ಳು ಬರೆಯಿರಿ, ಪ್ರತಿ ಸಾಲಿಗೂ ನಿಮಿಷ ಹಾಕಿ. 'ಸೆಕೆಂಡ್ ಹಾಫ್ ಬೋರು' ಎಂಬ ಮಾತು ವಾದಕ್ಕೆ ನಿಲ್ಲುವುದಿಲ್ಲ. '82ನೇ ನಿಮಿಷದಿಂದ 101ರವರೆಗೆ ಇಬ್ಬರ ನಡುವೆ ಹೊಸದೇನೂ ಆಗುವುದಿಲ್ಲ' ಎಂದರೆ ನಿಲ್ಲುತ್ತದೆ.

ಮೊದಲು ಹುಡುಗಿಯನ್ನು ನೋಡಿ. ಅವಳು ತಾನಾಗಿ ತೆಗೆದುಕೊಂಡ ತೀರ್ಮಾನಗಳನ್ನು ಎಣಿಸಿ: ಮಾತಾಡಿಸಿದ್ದು, ಬೇಡ ಎಂದದ್ದು, ಯಾವ ಕೋರ್ಸ್ ಓದಬೇಕು ಎಂದು ಮನೆಯಲ್ಲಿ ಹಟ ಹಿಡಿದದ್ದು. ಎರಡೂವರೆ ತಾಸಿನಲ್ಲಿ ಮೂರೂ ಸಿಗದಿದ್ದರೆ ಅದು ಹುಡುಗನೊಬ್ಬನ ಆಸೆಯ ಕಥೆ, ಪ್ರೇಮಕಥೆಯಲ್ಲ. ಬೇಡ ಎಂದಮೇಲೂ ಅವನು ಬಸ್‌ಸ್ಟ್ಯಾಂಡಿನವರೆಗೆ ಬೆನ್ನು ಹತ್ತಿದರೆ ಹಿನ್ನೆಲೆ ಸಂಗೀತಕ್ಕೆ ಕಿವಿಗೊಡಿ. ಅಲ್ಲಿ ಕೊಳಲು ನುಡಿದರೆ ನಿರ್ದೇಶಕರು ಅದನ್ನು ಪ್ರೀತಿ ಎನ್ನುತ್ತಿದ್ದಾರೆ. ಹಾಗೆ ಮತ್ತೆ ಮತ್ತೆ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಹಾಡು ಎಷ್ಟೇ ಚಂದವಿರಲಿ, ಇದು ಬಲಗಡೆಗೇ ಹೋಗಬೇಕು.

ಆಮೇಲೆ ವಯಸ್ಸು. ಫಸ್ಟ್ ಪಿಯುಸಿ ಎಂದರೆ ಹದಿನಾರರ ಆಸುಪಾಸು. ಮದುವೆಗೆ ಕಾನೂನು ಕೇಳುವುದು ಹುಡುಗಿಗೆ 18, ಹುಡುಗನಿಗೆ 21. ಓಡಿಹೋಗಿ ತಾಳಿ ಕಟ್ಟಿಸಿ ಶುಭಂ ಎನ್ನುವ ಚಿತ್ರ ಪೊಲೀಸರನ್ನು ಬರೀ ಖಳರಂತೆ ತೋರಿಸಿ, ಅವರು ಯಾಕೆ ಬಂದರು ಎಂಬುದನ್ನು ಮುಚ್ಚಿಡುತ್ತದೆ. ಮರಾಠಿಯ 'ಸೈರಾಟ್' (2016) ಗಟ್ಟಿಯಾಗುವುದು ಇಲ್ಲಿಯೇ: ಓಡಿಹೋದ ಮರುದಿನದಿಂದ ಹೈದರಾಬಾದಿನಲ್ಲಿ ಸೂರು, ಕೂಲಿ, ಅಡುಗೆ, ಜಗಳ ಎಲ್ಲವನ್ನೂ ತೋರಿಸುತ್ತದೆ. ಕನ್ನಡದ 'ಮನಸು ಮಲ್ಲಿಗೆ' (2017) ಅದರದೇ ರೀಮೇಕ್, ನಾಯಕಿಯೂ ಅದೇ ರಿಂಕು ರಾಜಗುರು. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಉಳಿಯಿತು, ಏನು ಬದಲಾಯಿತು ಎಂದು ಗುರುತಿಸುವುದು ಒಳ್ಳೆಯ ಅಭ್ಯಾಸ.

ನಮ್ಮ ಕಡೆಯ ಕಥೆಯಾದರೆ ಮಾತನ್ನು ಬಿಗಿಯಾಗಿ ಪರೀಕ್ಷಿಸಿ. ಕೊಪ್ಪಳದ ಹುಡುಗ ಗೆಳೆಯನಿಗೆ 'ಬರಾಕತ್ತೀನಿ' ಎಂದು, ಅದೇ ದೃಶ್ಯದಲ್ಲಿ ಅವ್ವನಿಗೆ 'ಬರ್ತಿದ್ದೀನಮ್ಮ' ಎಂದರೆ ಡಬ್ಬಿಂಗಿನಲ್ಲಿ ಯಾರೂ ಗಮನಿಸಿಲ್ಲ. ಸಾಲಿಗೊಂದು 'ಲೇ ಮಗನ' ಅಂಟಿಸಿದರೆ ಉತ್ತರ ಕರ್ನಾಟಕದ ಮಾತಾಗುವುದಿಲ್ಲ. ಬಳ್ಳಾರಿಯ ಓಣಿಯಲ್ಲಿ ತೆಲುಗು ಒಂದು ಸಲವೂ ಕಿವಿಗೆ ಬೀಳದಿದ್ದರೂ ಅನುಮಾನ ಬರಬೇಕು. ಬಿಸಿಲನ್ನೂ ನೋಡಿ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಮೇ ತಿಂಗಳ ಮಧ್ಯಾಹ್ನ ಸ್ಕೂಟಿ ಓಡಿಸುವ ಹುಡುಗಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿರುತ್ತಾಳೆ, ಬಿಚ್ಚಿದಾಗ ಹಣೆಗೂದಲು ಬೆವರಿಗೆ ಅಂಟಿರುತ್ತದೆ. ಆ ಒಂದು ಶಾಟ್ ಇದ್ದರೆ ಎಡಗಡೆ ಬರೆದುಕೊಳ್ಳಿ.

ಥಿಯೇಟರಿನಿಂದ ಬಂದ ರಾತ್ರಿಯೇ ಬರೆಯಬೇಡಿ, ಹಾಡು ಇನ್ನೂ ಕಿವಿಯಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಅವಧಿ ಮತ್ತು ಸರ್ಟಿಫಿಕೇಟ್ ಹಾಕಿ: ಯುಎ 13+ ಇದೆಯೋ 16+ ಇದೆಯೋ ಎಂದು ಮಕ್ಕಳನ್ನು ಕರೆದೊಯ್ಯುವವರು ಕೇಳುತ್ತಾರೆ. ಕ್ಲೈಮ್ಯಾಕ್ಸ್ ಮಾತ್ರ ಹೇಳಬೇಡಿ.