ನಾಲ್ಕು ವರ್ಷದ ‘ನರ್ಸ್’

ನನ್ನ ಗಂಡನ ಮನೆಯವರು ಇಂಗ್ಲೆಂಡಿನವರು. ಅವರ ಮುತ್ತಜ್ಜಿ ಯಾರ ಮಗಳು ಅನ್ನೋ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಸುಮ್ನಾಗುತ್ತಿದ್ದರು. ಅದಕ್ಕೇ ನನಗೆ ಕುತೂಹಲ ಜಾಸ್ತಿಯಾಯಿತು.

1881ರ ಜನಗಣತಿಯಲ್ಲಿ ಆಕೆ ಸಿಕ್ಕಳು. ಒಬ್ಬ ಕೂಲಿಯವನ ಮನೆ, ಮನೆತನದ ಹೆಸರು ಮಾತ್ರ ಬೇರೆ, ಸಂಬಂಧದ ಕಾಲಂನಲ್ಲಿ ‘ನರ್ಸ್’ ಅಂತ ಬರೆದು ಮುಂದೆ ಏನೋ ಗೀಚಿದ್ದರು. ವಯಸ್ಸು ನೋಡಿದರೆ 4! ನಗು ಬಂತು. ದೊಡ್ಡದು ಮಾಡಿ ನೋಡಿದೆ, ಆ ಗೀಚು ‘ಚೈಲ್ಡ್’. ನರ್ಸ್ ಚೈಲ್ಡ್ ಅಂದರೆ ಬೇರೆಯವರ ಮನೆಯಲ್ಲಿ, ಸಾಮಾನ್ಯವಾಗಿ ದುಡ್ಡಿಗೆ, ಬೆಳೆಯುತ್ತಿದ್ದ ಮಗು.

ಹಾಗಾದರೆ ದುಡ್ಡು ಕೊಡುತ್ತಿದ್ದವರು ಯಾರು? ಹೆತ್ತವಳೇ ಕೊಡುತ್ತಿದ್ದರೆ ಕಾಗದ ಸಿಗೋದು ಕಷ್ಟ. ಸಾಕಲು ಕೊಟ್ಟ ಕೂಸುಗಳ ರಕ್ಷಣೆಗೆ 1872ರ ಕಾಯ್ದೆ ಇತ್ತು ನಿಜ, ಆದರೆ ದುಡ್ಡಿಗಾಗಿ ವರ್ಷದೊಳಗಿನ ಒಂದಕ್ಕಿಂತ ಹೆಚ್ಚು ಕೂಸು ಸಾಕುವವರಷ್ಟೇ ನೋಂದಣಿ ಮಾಡಿಸಬೇಕಿತ್ತು. ಬಡವರ ಪರಿಹಾರ ಮಂಡಳಿ ಕೊಡುತ್ತಿದ್ದರೆ ಲೆಕ್ಕ ಬರೆದಿರಲೇಬೇಕು ಅಲ್ವಾ? ಕೌಂಟಿಯ ದಾಖಲೆ ಕಚೇರಿಗೆ ಹೋಗಿ ಮಂಡಳಿಯ ನಡಾವಳಿ ಪುಸ್ತಕ ತಿರುವಲು ಕೂತೆ. ಹೆಸರಿನ ಪಟ್ಟಿ ಇಲ್ಲ, ಎರಡು ದಿನ ಬರೀ ಕಣ್ಣುರಿ. ಕೊನೆಗೆ 1882ರ ಒಂದು ಹಾಳೆಯಲ್ಲಿ ಸಿಕ್ಕಿತು: ಆ ಕೂಲಿಯವನ ಹೆಂಡತಿಗೆ ವಾರಕ್ಕೆ 4 ಶಿಲಿಂಗ್. ನಿಯಮದ ಪ್ರಕಾರ ಅದಕ್ಕಿಂತ ಜಾಸ್ತಿ ಕೊಡುವಂತಿರಲಿಲ್ಲ. ಪಕ್ಕದಲ್ಲಿ ‘ತಾಯಿ ಬಿಟ್ಟುಹೋದ ಮಗು’ ಅಂತ ಬರೆದಿತ್ತು.

ಅತ್ತೆಗೆ ಹೇಳಿದಾಗ ಮುಖ ಸಪ್ಪಗಾಯಿತು. ನನಗೂ ಚುಚ್ಚಿತು, ಆಮೇಲೆ ನಿಯಮ ಓದಿದೆ. ಅನಾಥ ಮಗು ಅಥವಾ ಹೆತ್ತವರು ಬಿಟ್ಟುಹೋದ ಮಗು ಆಗಿದ್ದರೆ ಮಾತ್ರ ಮಂಡಳಿ ಹೀಗೆ ಇನ್ನೊಬ್ಬರ ಮನೆಯಲ್ಲಿ ಇರಿಸಿ ದುಡ್ಡು ಕೊಡಬಹುದಿತ್ತು. ತಾಯಿ ಆಗ ಬೇರೆ ಊರಲ್ಲಿ ಮನೆಗೆಲಸ ಮಾಡುತ್ತಿದ್ದಳು, ಜನಗಣತಿಯಲ್ಲೇ ಇದೆ. ಸಂಬಳದಲ್ಲಿ ವಾರ ವಾರ ಕೊಟ್ಟು ಕೊಟ್ಟು ಕೈ ಸೋತಿರಬಹುದು, ಮಗು ಅದೇ ಮನೆಯಲ್ಲಿ ಉಳಿಯಲಿ ಅಂತ ಯಾರೋ ಆ ಮಾತು ಬರೆಸಿರಲೂಬಹುದು. ಇದು ನನ್ನ ಊಹೆ, ಅಷ್ಟೇ.

ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. 1891ರ ಜನಗಣತಿಯಲ್ಲಿ ಅದೇ ಮನೆ, ಹುಡುಗಿಗೆ 14, ಎದುರಿಗೆ ‘ದತ್ತು ಮಗಳು’. ದತ್ತು ಪತ್ರಕ್ಕಾಗಿ ಮೂರು ತಿಂಗಳು ಹುಡುಕಿದೆ. ಇಂಗ್ಲೆಂಡಿನಲ್ಲಿ ಕಾನೂನಿನ ದತ್ತು ಬಂದದ್ದೇ 1926ರ ಕಾಯ್ದೆಯಿಂದ. ಇಲ್ಲದ ಕಾಗದ ಎಲ್ಲಿಂದ ಸಿಗಬೇಕು!

ಸಿಕ್ಕಿದ್ದು ಮದುವೆಯ ಪತ್ರ. ತಂದೆಯ ಹೆಸರಿನ ಜಾಗದಲ್ಲಿ ಆ ಕೂಲಿಯವನ ಹೆಸರು. ಸಾಕ್ಷಿಯ ಜಾಗದಲ್ಲಿ ಓದು ಬರಹ ಬಾರದ ಆ ಸಾಕುತಾಯಿ ಹಾಕಿದ, ಸ್ವಲ್ಪ ವಾಲಿದ ಒಂದು ‘X’ ಗುರುತು.