ಎರಡು ವಾರದ ಕೂಸನ್ನು ಹನ್ನೆರಡು ವಾರದ್ದು ಅಂದುಕೊಂಡೆ

ಪಿಎಚ್‌ಡಿಯ ಮೊದಲ ವರ್ಷ ನನ್ನ ಮುಖ್ಯ ಕೆಲಸ ಮಲಗಿರುವ ಕೂಸುಗಳ ವಿಡಿಯೋ ನೋಡುವುದು. ಕೇಳೋಕೆ ಸುಲಭ, ಅಲ್ವಾ?

ಕೂಸನ್ನು ಅಂಗಾತ ಮಲಗಿಸಿ ಮೂರರಿಂದ ಐದು ನಿಮಿಷ ಚಿತ್ರೀಕರಿಸಬೇಕು. ಅದು ಎಚ್ಚರವಾಗಿರಬೇಕು, ಅಳುತ್ತಿರಬಾರದು. ಕೈಗೆ ಆಟಿಕೆ ಇಲ್ಲ, ಬಾಯಿಗೆ ನಿಪ್ಪಲ್ ಇಲ್ಲ, ಪಕ್ಕದಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ. ನರವಿಜ್ಞಾನಿ ಹೈನ್ಸ್ ಪ್ರೆಕ್ಟಲ್ ಹಾಕಿಕೊಟ್ಟ ದಾರಿ ಇದು. ಸುಮಾರು 9ರಿಂದ 20 ವಾರದ ಕೂಸಿನ ಕತ್ತು, ಹೆಗಲು, ಮಣಿಕಟ್ಟು, ಪಾದ ಎಲ್ಲ ಕಡೆ ಸಣ್ಣ ಮಿಸುಕಾಟ ಇರುತ್ತದೆ. ನಾವು ಅದನ್ನು ಫಿಜೆಟಿ ಅನ್ನುತ್ತೇವೆ. ಅದು ಕಾಣದಿದ್ದರೆ ಸೆರೆಬ್ರಲ್ ಪಾಲ್ಸಿಯ, ಅಂದರೆ ಮೆದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆಯ, ಸಾಧ್ಯತೆ ತುಂಬ ಜಾಸ್ತಿ. ಹಿಂದೆ ಒಂದೆರಡು ವರ್ಷ ಕಾದು ಹೇಳುತ್ತಿದ್ದುದನ್ನು ಈಗ ಇದರ ಜೊತೆ ಎಂಆರ್‌ಐ, ನರಪರೀಕ್ಷೆ ಸೇರಿಸಿ ಆರು ತಿಂಗಳೊಳಗೇ ಹೇಳಬಹುದು.

ಒಂದು ಕೂಸಿನ ವಿಡಿಯೋ ಎಷ್ಟು ಸಲ ನೋಡಿದರೂ ಮಿಸುಕಾಟ ಸಿಗಲಿಲ್ಲ. ಕೈಕಾಲು ನಿಧಾನಕ್ಕೆ ತಿರುಚುತ್ತಿತ್ತು, ಅಷ್ಟೆ. ಹುಟ್ಟಿ 12 ವಾರ. 'ಇಲ್ಲ' ಎಂದು ಬರೆದೆ. ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರನೇ ದಿನ ಲ್ಯಾಬಿನ ಸೀನಿಯರ್ ಕೇಳಿದರು, "ಎಷ್ಟನೇ ವಾರಕ್ಕೆ ಹುಟ್ಟಿದ್ದು?"

"30ಕ್ಕೆ."

"ಮತ್ತೆ ಹತ್ತು ವಾರ ಕಳಿಯೋದು ಬಿಟ್ಟು ಏನ್ ಮಾಡ್ತಿದ್ದೀಯಾ?"

ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ವಯಸ್ಸನ್ನು ಡ್ಯೂ ಡೇಟ್‌ನಿಂದ ಎಣಿಸಬೇಕು. ಅಂದರೆ ಅದು ಎರಡು ವಾರದ ಕೂಸು! ಆ ವಯಸ್ಸಿಗೆ ತಿರುಚಾಟವೇ ಸರಿ. ಅವತ್ತೇ ನನ್ನ ಶೀಟಿನಿಂದ ಹುಟ್ಟಿದ ದಿನದ ಕಾಲಂ ಮರೆಮಾಡಿದೆ. ಈಗ ಕಣ್ಣಿಗೆ ಬೀಳುವುದು ಡ್ಯೂ ಡೇಟ್ ಮಾತ್ರ. ಇನ್ನೂ ನಾಲ್ಕು ಕೂಸುಗಳನ್ನು ಹೀಗೇ ಬೇಗ ಕರೆಸಿದ್ದೆ. ಅವರ ಮನೆಗಳಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿದ್ದು ಬೇರೆ ಕಥೆ.

ಆ ಕೂಸು ಮತ್ತೆ ಬಂದಾಗ ಲೆಕ್ಕದಲ್ಲಿ 14 ವಾರ, ಹುಟ್ಟಿ 24. ಹಾಲು ಕುಡಿದು, ನಿದ್ದೆ ಮುಗಿಸಿ ಬರಲು ಹೇಳಿದ್ದೆ. ಇದೂ ತಡವಾಗಿ ಕಲಿತದ್ದೇ. ಸಾಕ್ಸ್ ಬಿಚ್ಚಿದೆವು, ಇಲ್ಲದಿದ್ದರೆ ಪಾದ ಕಾಣುವುದಿಲ್ಲ. ಕ್ಯಾಮೆರಾ ಹಿಂದೆ ನಿಂತಿದ್ದೆ. ಮೊದಲು ಮಣಿಕಟ್ಟು, ಆಮೇಲೆ ಪಾದ, ಸುಮ್ನೆ ಮಿಸುಕುತ್ತಲೇ ಇತ್ತು.

"ಏನಾದ್ರೂ ಗೊತ್ತಾಯ್ತಾ?" ಅಂತ ಅಮ್ಮ ಕೇಳಿದರು. ತರಬೇತಿ ಪಡೆದ ಇಬ್ಬರು ಬೇರೆ ಬೇರೆ ನೋಡಬೇಕು, ಡಾಕ್ಟರೇ ಹೇಳಬೇಕು. ನಿಯಮ ಹಾಗಿದೆ. ಒಳ್ಳೆ ಸುದ್ದಿಯನ್ನೂ ಬಾಯಿಗೆ ತರುವ ಹಾಗಿರಲಿಲ್ಲ. "ವಿಡಿಯೋ ಚೆನ್ನಾಗಿ ಬಂದಿದೆ" ಅಂದೆ.